ಎರಡನೇ ಮಾತ್ರೆಯ ಲೆಕ್ಕ

ಇವತ್ತಿನ ಮಾತನ್ನ ಒಂದು ತಿದ್ದುಪಡಿಯಿಂದ ಶುರು ಮಾಡ್ತೀನಿ. ಫೆಬ್ರವರಿ 10, ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಆವತ್ತು ಸಂಜೆ ಬುಲೆಟಿನ್‌ನಲ್ಲಿ ನಾನೇ ಓದಿದ್ದೆ: ‘ಒಂದೇ ಒಂದು ಮಾತ್ರೆ, ಆರು ತಿಂಗಳು ನಿಶ್ಚಿಂತೆ.’ ಹಿಂದೆ ಪರದೆಯ ಮೇಲೆ ಯೂನಿಫಾರಂ ಹಾಕಿಕೊಂಡ ಮಕ್ಕಳು ಸಾಲಾಗಿ ನಿಂತು ಮಾತ್ರೆ ಅಗಿಯುತ್ತಿದ್ದರು. ಸಾಲು ಬರೆದವಳೂ ನಾನೇ. ಓದೋಕೆ ಚೆನ್ನಾಗಿತ್ತು, ಅದಕ್ಕೇ ಬರೆದೆ. ಆದರೆ ಅದು ಪೂರ್ತಿ ನಿಜ ಅಲ್ಲ.

ನಿಜ ಅಲ್ಲ ಅಂತ ನನಗೆ ತಿಳಿಸಿದ್ದು ಒಬ್ಬ ತಾಯಿ. ಮೂರು ವಾರ ಕಳೆದ ಮೇಲೆ ಕಾರ್ಯಕ್ರಮದ ನಂಬರಿಗೆ ಫೋನ್ ಮಾಡಿದ್ದರು. ನೇರಪ್ರಸಾರದಲ್ಲಿ ಮಾತಾಡೋಕೆ ಒಪ್ಪಲಿಲ್ಲ, ಆಮೇಲೆ ನಾನೇ ತಿರುಗಿ ಮಾಡಿದೆ. ‘ಮೇಡಂ, ನೀವು ಹೇಳಿದ ಮಾತ್ರೆ ನನ್ನ ಮಗಳೂ ಸ್ಕೂಲಲ್ಲಿ ತಗೊಂಡಿದ್ದಾಳೆ. ಆದ್ರೂ ರಾತ್ರಿ ಹನ್ನೊಂದಾದ್ರೆ ಎದ್ದು ಕೂತ್ಕೊಂಡು ಅಳ್ತಾಳೆ. ಅಲ್ಲಿ ಕಡಿಯುತ್ತೆ ಅಂತಾಳೆ.’ ಎಲ್ಲಿ ಅನ್ನೋ ಪದವನ್ನ ಅವರು ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಮಗುವಿಗೆ ಆರು ವರ್ಷ. ಕ್ಲಾಸಿನಲ್ಲಿ ಕೈ ಚಡ್ಡಿಯ ಕಡೆಗೇ ಹೋಗುತ್ತೆ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರಂತೆ. ಮನೆಯಲ್ಲಿ ಅಜ್ಜಿ ಅದನ್ನ ‘ಕೆಟ್ಟ ಚಾಳಿ’ ಅಂದರು. ತಾಯಿ ಎರಡು ಏಟು ಕೊಟ್ಟರು. ಆಮೇಲೆ ಒಂದು ರಾತ್ರಿ, ಮಗು ನಿದ್ದೆಗಣ್ಣಲ್ಲೇ ಕೆರೆದುಕೊಳ್ಳುತ್ತಾ ‘ಹೊಡೀಬೇಡಮ್ಮ, ನಾನಲ್ಲ’ ಅಂದಿದೆ. ಇಷ್ಟು ಹೇಳಿ ಆ ತಾಯಿ ಫೋನಿನಲ್ಲೇ ಅತ್ತುಬಿಟ್ಟರು.

ಮಗು ಹೇಳಿದ್ದು ಅಕ್ಷರಶಃ ಸರಿ. ಅದು ಆ ಮಗುವಿನ ಕೆಲಸ ಅಲ್ಲ. ಒಂದು ಹುಳುವಿನ ಕೆಲಸ.

ಇಂಗ್ಲಿಷಿನಲ್ಲಿ ಪಿನ್‌ವರ್ಮ್ ಅಂತಾರೆ, ನಮ್ಮ ಡಾಕ್ಟರುಗಳು ಹೆಚ್ಚಾಗಿ ಥ್ರೆಡ್‌ವರ್ಮ್ ಅಂತಾರೆ. ಕನ್ನಡದಲ್ಲಿ ದಾರದ ಹುಳು ಅನ್ನೋಣ. ಎಂಟರೋಬಿಯಸ್ ವರ್ಮಿಕ್ಯುಲಾರಿಸ್ ಅನ್ನೋದು ಅದರ ಶಾಸ್ತ್ರೀಯ ಹೆಸರು. ಬಿಳಿ ಹೊಲಿಗೆ ದಾರದ ಒಂದು ತುಂಡು ಕತ್ತರಿಸಿ ಹಾಕಿದ ಹಾಗೆ ಇರುತ್ತೆ. ಹೆಣ್ಣು ಹುಳು ಸುಮಾರು ಒಂದು ಸೆಂಟಿಮೀಟರ್, ಗಂಡು ಅದರ ಅರ್ಧಕ್ಕಿಂತಲೂ ಚಿಕ್ಕದು. ವಾಸ ದೊಡ್ಡ ಕರುಳಿನ ಆರಂಭದಲ್ಲಿ. ಅಲ್ಲಿ ಇರುವಷ್ಟು ದಿನ ಹೆಚ್ಚಿನ ತೊಂದರೆ ಕೊಡಲ್ಲ. ಕೊಕ್ಕೆಹುಳುವಿನ ಹಾಗೆ ರಕ್ತ ಹೀರಿ ಮಗುವನ್ನ ಬಿಳಿಚಿಸೋದಿಲ್ಲ. ಅದರ ತಕರಾರೆಲ್ಲ ಮೊಟ್ಟೆ ಇಡೋ ಜಾಗದ್ದು.

ಬೇರೆ ಹುಳುಗಳು ಕರುಳಿನ ಒಳಗೇ ಮೊಟ್ಟೆ ಇಡುತ್ತವೆ, ಮೊಟ್ಟೆ ಮಲದ ಜೊತೆ ಹೊರಗೆ ಬೀಳುತ್ತೆ. ಈ ಹುಳು ಹಾಗಲ್ಲ. ಇದರ ಮೊಟ್ಟೆ ಬಲಿಯೋಕೆ ಆಮ್ಲಜನಕ ಬೇಕು. ಹಾಗಾಗಿ ಬಸುರಿ ಹೆಣ್ಣು ಹುಳು ರಾತ್ರಿ, ಮಗು ಮಲಗಿದ ಮೇಲೆ, ಕರುಳಿನ ಉದ್ದಕ್ಕೂ ತೆವಳಿಕೊಂಡು ಬಂದು ಮಲದ್ವಾರದಿಂದ ಹೊರಗೆ ಇಣುಕುತ್ತೆ. ಸುತ್ತಲಿನ ಚರ್ಮದ ಮಡಿಕೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಟ್ಟು ಸಾಯುತ್ತೆ. ಮೊಟ್ಟೆಗೆ ಒಂಥರಾ ಅಂಟು. ಆ ಅಂಟು, ಆ ಹುಳುವಿನ ಓಡಾಟ, ಎರಡೂ ಸೇರಿ ತುರಿಕೆ. ಮಗು ನಿದ್ದೆಯಲ್ಲೇ ಕೆರೆದುಕೊಳ್ಳುತ್ತೆ. ಮೊಟ್ಟೆ ಉಗುರಿನ ಸಂದಿಗೆ ಸೇರುತ್ತೆ. ನಾಲ್ಕರಿಂದ ಆರು ಗಂಟೆಯಲ್ಲಿ ಮೊಟ್ಟೆ ಬಲಿತು ಇನ್ನೊಬ್ಬರ ಹೊಟ್ಟೆ ಸೇರೋಕೆ ತಯಾರು. ರಾತ್ರಿ 11ಕ್ಕೆ ಇಟ್ಟಿದ್ದು ಬೆಳಗಿನ ಜಾವ 5ಕ್ಕೆ ರೆಡಿ ಅಂತ ಇಟ್ಟುಕೊಳ್ಳಿ. ಏಳು ಗಂಟೆಗೆ ಮಗು ಎದ್ದು, ಕಣ್ಣುಜ್ಜಿಕೊಂಡು, ಬಾಯಿಗೆ ಬೆರಳು ಹಾಕುತ್ತೆ. ಅಲ್ಲಿಂದ ಹೊಸ ಸುತ್ತು ಶುರು.

ನಾನು ಓದಿದ್ದು ಎಂಜಿನಿಯರಿಂಗ್. ಮೈಕ್ ಹಿಡಿದು ಇಷ್ಟು ವರ್ಷವಾದರೂ, ಔಟ್‌ಪುಟ್ ತಿರುಗಿ ಇನ್‌ಪುಟ್ಟಿಗೇ ಹೋಗೋ ಇಂಥ ಸರ್ಕ್ಯೂಟ್ ಕಂಡರೆ ಒಂದು ಕ್ಷಣ ಕೂತು ನೋಡಬೇಕು ಅನ್ನಿಸುತ್ತೆ. ಹುಳುವಿಗೆ ಮಣ್ಣು ಬೇಡ, ಕೊಚ್ಚೆ ಬೇಡ, ಸೊಳ್ಳೆ ಬೇಡ, ನಾಯಿ ಬೆಕ್ಕು ಬೇಡ. ಒಂದು ಬೆರಳು, ಒಂದು ಬಾಯಿ ಇದ್ದರೆ ಸಾಕು. ಮನುಷ್ಯನನ್ನ ಬಿಟ್ಟು ಇನ್ಯಾರ ಹೊಟ್ಟೆಯಲ್ಲೂ ಇದು ಸಂಸಾರ ಹೂಡೋದಿಲ್ಲ. ಆದ್ದರಿಂದ ಮನೆಯ ನಾಯಿಯನ್ನ ದಯವಿಟ್ಟು ಬೀದಿಗೆ ಅಟ್ಟಬೇಡಿ. ಅದು ನಿರಪರಾಧಿ.

ಇನ್ನು ‘ಇಂಥದ್ದು ನಮ್ಮಂಥವರ ಮನೇಲಿ ಬರಲ್ಲ’ ಅನ್ನೋ ಮಾತು. ಟೈಲ್ಸ್ ಹಾಕಿದ ಮನೆ, ಫಿಲ್ಟರ್ ನೀರು, ಎರಡು ಬಾತ್‌ರೂಮು. ಇವು ಯಾವುದೂ ಇದನ್ನ ತಡೆಯೋದಿಲ್ಲ. ಅಮೆರಿಕದಲ್ಲಿ ಅತಿ ಹೆಚ್ಚಾಗಿ ಕಾಣಿಸೋ ಹೊಟ್ಟೆಹುಳು ಇದೇ. ಅಲ್ಲಿ ಯೂಟಾ ರಾಜ್ಯದ ಒಂದು ಗುಹೆಯಲ್ಲಿ ಸುಮಾರು ಹತ್ತು ಸಾವಿರ ವರ್ಷ ಹಿಂದಿನ, ಒಣಗಿ ಕಲ್ಲಾದ ಮಲದಲ್ಲಿ ಇದರ ಮೊಟ್ಟೆ ಸಿಕ್ಕಿದೆ. ಮಕ್ಕಳು ಒಟ್ಟಿಗೆ ಆಡೋ, ಒಟ್ಟಿಗೆ ಮಲಗೋ ಕಡೆಯೆಲ್ಲ ಇದು ಇದೆ: ಅಂಗನವಾಡಿ, ದುಬಾರಿ ಪ್ಲೇಹೋಮ್, ಹಾಸ್ಟೆಲ್, ಮದುವೆ ಛತ್ರದಲ್ಲಿ ಎಂಟು ಮಕ್ಕಳನ್ನ ಒಂದೇ ಜಮಖಾನದ ಮೇಲೆ ಮಲಗಿಸ್ತೀವಲ್ಲ, ಅಲ್ಲಿ. ಅಜ್ಜಿಯಂದಿರು ಹೇಳೋ ‘ಬೆಲ್ಲ ತಿಂದ್ರೆ ಹುಳ ಆಗುತ್ತೆ’ ಮಾತ್ರ ಸುಳ್ಳು. ಬೆಲ್ಲದಿಂದ ಹುಳು ಹುಟ್ಟಲ್ಲ. ತೊಳೆಯದ ಕೈಯಲ್ಲಿ ಬೆಲ್ಲ ತಿಂದರೆ ಬರಬಹುದು, ತೊಳೆಯದ ಕೈಯಲ್ಲಿ ಉಪ್ಪಿನಕಾಯಿ ನೆಕ್ಕಿದರೂ ಬರಬಹುದು.

ಆ ತಾಯಿಯ ಕೈಯಲ್ಲಿ ಒಂದು ಲ್ಯಾಬ್ ರಿಪೋರ್ಟ್ ಕೂಡ ಇತ್ತು. ಮಲ ಪರೀಕ್ಷೆ ಮಾಡಿಸಿದ್ದರು, ಮೊಟ್ಟೆ ಕಂಡುಬಂದಿಲ್ಲ ಅಂತ ಬಂದಿತ್ತು. ಅದನ್ನ ಹಿಡಿದುಕೊಂಡೇ ಮನೆಯವರು ‘ಹುಳ ಇಲ್ಲ, ಇದು ಚಾಳಿಯೇ’ ಅಂತ ತೀರ್ಮಾನಿಸಿದ್ದು. ಇಲ್ಲಿ ಲ್ಯಾಬಿನವರ ತಪ್ಪು ಏನೂ ಇಲ್ಲ, ಪ್ರಶ್ನೆಯೇ ತಪ್ಪು. ಹುಳು ಮೊಟ್ಟೆ ಇಡೋದು ಮಲದಲ್ಲಿ ಅಲ್ಲ, ಹೊರಗೆ ಚರ್ಮದ ಮೇಲೆ ಅಂದಮೇಲೆ ಮಲದಲ್ಲಿ ಹುಡುಕಿದರೆ ಬಹುಪಾಲು ಸಿಗೋದಿಲ್ಲ. ಸರಿಯಾದ ಪರೀಕ್ಷೆ ಎಷ್ಟು ಸರಳ ಅಂದ್ರೆ ನಗು ಬರುತ್ತೆ. ಪಾರದರ್ಶಕ ಗಮ್ ಟೇಪು. ಮಸುಕು ಬಣ್ಣದ್ದು ಬೇಡ, ಗಾಜಿನಷ್ಟು ತಿಳಿಯಾದದ್ದು. ಬೆಳಗ್ಗೆ ಮಗು ಏಳುತ್ತಿದ್ದ ಹಾಗೆ, ಕಕ್ಕಸಿಗೆ ಹೋಗೋ ಮುಂಚೆ, ತೊಳೆಯೋ ಮುಂಚೆ, ಅಂಟಿನ ಬದಿಯನ್ನ ಮಲದ್ವಾರದ ಸುತ್ತ ಮೆಲ್ಲಗೆ ಒತ್ತಿ ತೆಗೆದು, ಲ್ಯಾಬಿನಿಂದ ತಂದ ಗಾಜಿನ ಸ್ಲೈಡಿಗೆ ಅಂಟಿಸಿ ಕೊಡೋದು. ಸೂಕ್ಷ್ಮದರ್ಶಕದ ಕೆಳಗೆ ಮೊಟ್ಟೆ ಕಾಣುತ್ತೆ, ಒಂದು ಮಗ್ಗುಲು ಚಪ್ಪಟೆಯಾಗಿ. ಒಂದು ಬೆಳಗ್ಗೆ ಮಾಡಿದರೆ ಸಿಕ್ಕಿಬೀಳೋ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಸತತ ಮೂರು ಬೆಳಗ್ಗೆ ಮಾಡಿದರೆ ಶೇಕಡಾ 90ರ ಹತ್ತಿರ. ಈ ಟೇಪಿನ ವಿಧಾನ ಬಂದದ್ದು 1941ರಲ್ಲಿ, ಇವತ್ತಿಗೂ ಇದೇ ನಡೀತಿದೆ.

ಇನ್ನೂ ಸರಳವಾದದ್ದು ಇದೆ. ಮಗು ಮಲಗಿ ಎರಡು ಮೂರು ಗಂಟೆ ಆದಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಬಿಳಿ ದಾರ ಅಲ್ಲಾಡಿದರೆ ಮತ್ತೆ ಲ್ಯಾಬಿನ ಮಾತೇ ಬೇಕಿಲ್ಲ. ಆ ತಾಯಿಗೆ ಇದನ್ನೇ ಹೇಳಿದೆ. ಮಾರನೇ ದಿನ ಬೆಳಗ್ಗೆ ಆರೂವರೆಗೆ ಮೆಸೇಜ್ ಬಂತು. ‘ನೋಡಿದೆ ಮೇಡಂ. ಮೂರು ಇತ್ತು.’

ಈಗ ನನ್ನ ತಪ್ಪಿಗೆ ಬರ್ತೀನಿ. ಶಾಲೆಯಲ್ಲಿ ಮಾತ್ರೆ ಕೊಟ್ಟಿದ್ದರಲ್ಲ, ಹುಳು ಯಾಕೆ ಉಳೀತು?

ಮೊದಲನೆಯದಾಗಿ ಆ ಕಾರ್ಯಕ್ರಮ ಈ ಹುಳುವನ್ನ ಗುರಿ ಇಟ್ಟು ಮಾಡಿದ್ದಲ್ಲ. 2015ರಲ್ಲಿ ಶುರುವಾದ ಆ ಅಭಿಯಾನದ ಗುರಿ ಮಣ್ಣಿನಿಂದ ಹರಡೋ ಮೂರು ಹುಳು: ದುಂಡುಹುಳು, ಚಾಟಿಹುಳು, ಕೊಕ್ಕೆಹುಳು. ರಕ್ತಹೀನತೆ, ಬೆಳವಣಿಗೆ ಕುಂಠಿತ ಆಗೋದು ಇವುಗಳಿಂದ. ಅದಕ್ಕೆ ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಅಲ್ಬೆಂಡಜೋಲ್ ಕೊಡ್ತಾರೆ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂ, ಚಿಕ್ಕವರಿಗೆ ಅರ್ಧ ಮಾತ್ರೆ ಪುಡಿ ಮಾಡಿ ನೀರಲ್ಲಿ. ಕಾರ್ಯಕ್ರಮ ಒಳ್ಳೆಯದು, ಮಕ್ಕಳಿಗೆ ಕೊಡಿಸಿ, ತಪ್ಪಿಸಬೇಡಿ. ಹಾಗಂತ ದಾರದ ಹುಳುವಿಗೆ ಈ ಔಷಧಿ ಸಾಯಲ್ಲ ಅಂತಲ್ಲ, ಚೆನ್ನಾಗೇ ಸಾಯುತ್ತೆ. ಅಲ್ಬೆಂಡಜೋಲ್ ಹುಳುವಿನ ಜೀವಕೋಶದೊಳಗಿನ ಸಣ್ಣ ಸಣ್ಣ ಕೊಳವೆಗಳು ಕಟ್ಟಿಕೊಳ್ಳದ ಹಾಗೆ ಮಾಡುತ್ತೆ, ಹುಳು ಸಕ್ಕರೆ ಅಂಶ ಹೀರಿಕೊಳ್ಳಲಾಗದೆ ಹಸಿದು ಸಾಯುತ್ತೆ.

ಆದರೆ ಮೊಟ್ಟೆ ಸಾಯಲ್ಲ. ಅಸಲು ವಿಷಯ ಇಷ್ಟೇ.

ಲೆಕ್ಕ ಹಾಕಿ ನೋಡಿ. ಇವತ್ತು ರಾತ್ರಿ ಮಾತ್ರೆ ಕೊಟ್ಟಿರಿ. ಹೊಟ್ಟೆಯಲ್ಲಿರೋ ಹುಳು ಹೋದವು. ಆದರೆ ಉಗುರಲ್ಲಿ, ಚಡ್ಡಿಯಲ್ಲಿ, ದಿಂಬಿನ ಕವರಿನಲ್ಲಿ ನಿನ್ನೆಯ ಮೊಟ್ಟೆ ಇದೆ. ತಣ್ಣಗಿರೋ, ತೇವ ಇರೋ ಕೋಣೆಯಲ್ಲಿ ಅದು ಎರಡು ಮೂರು ವಾರ ಬದುಕುತ್ತೆ. ನಾಳೆಯೋ ನಾಡಿದ್ದೋ ಒಂದಷ್ಟು ಮತ್ತೆ ಬಾಯಿ ಸೇರುತ್ತೆ, ಕರುಳಲ್ಲಿ ಒಡೆದು ಮರಿಯಾಗುತ್ತೆ. ಆ ಮರಿ ಬೆಳೆದು ತಾನೇ ಮೊಟ್ಟೆ ಇಡೋಕೆ ಸುಮಾರು ಒಂದು ತಿಂಗಳು ಬೇಕು. ಹಾಗಾದ್ರೆ ಎರಡನೇ ಏಟು ಯಾವಾಗ ಹಾಕಬೇಕು? ತೀರಾ ಬೇಗ, ಎರಡೇ ದಿನಕ್ಕೆ ಹಾಕಿದರೆ ಇನ್ನೂ ಹೊರಗಿರೋ ಮೊಟ್ಟೆ ತಪ್ಪಿಸಿಕೊಳ್ಳುತ್ತೆ. ಒಂದೂವರೆ ತಿಂಗಳು ಬಿಟ್ಟರೆ ಹೊಸ ಪೀಳಿಗೆ ಆಗಲೇ ಮೊಟ್ಟೆ ಇಟ್ಟಾಯ್ತು. ನಡುವೆ, ಎರಡು ವಾರಕ್ಕೆ ಹಾಕಿದರೆ ಮೊದಲ ಮಾತ್ರೆಯ ನಂತರ ಹೊಟ್ಟೆ ಸೇರಿದ ಹೊಸಬರು ಒಳಗಿದ್ದಾರೆ, ಆದರೆ ಮೊಟ್ಟೆ ಇಡೋ ವಯಸ್ಸು ಆಗಿಲ್ಲ. ಅವರನ್ನ ಅಲ್ಲೇ ಮುಗಿಸಬಹುದು. ಎರಡು ವಾರದ ನಂತರ ಎರಡನೇ ಡೋಸ್ ಅನ್ನೋದರ ಹಿಂದಿನ ಗುಟ್ಟು ಇದು. ಶಾಲೆಯಲ್ಲಿ ಸಿಗೋದು ಒಂದು ಡೋಸ್, ಮುಂದಿನದು ತಿಂಗಳುಗಟ್ಟಲೆ ಆಮೇಲೆ. ನಾನು ‘ಆರು ತಿಂಗಳು ನಿಶ್ಚಿಂತೆ’ ಅಂದಿದ್ದೆ. ಈ ಹುಳುವಿಗೆ ನಡುವೆ ಸಿಕ್ಕ ಅಷ್ಟೂ ದಿನ ನಿಶ್ಚಿಂತೆ!

ನಮ್ಮ ಮನೆಗೆ ಬರೋ ಪರಿಚಯದ ಮಕ್ಕಳ ವೈದ್ಯರೊಬ್ಬರು ಹೇಳ್ತಾರೆ, ಮೊದಲ ಮಾತ್ರೆಗೆ ಎಲ್ಲರೂ ಬರ್ತಾರೆ, ಎರಡನೇದಕ್ಕೆ ಯಾರೂ ಬರಲ್ಲ ಅಂತ. ಯಾಕೆ ಬರ್ತಾರೆ ಹೇಳಿ? ಮೂರು ದಿನಕ್ಕೆ ತುರಿಕೆ ನಿಂತಿರುತ್ತೆ. ಆಮೇಲೆ ತಿಂಗಳು ಒಂದೂವರೆ ತಿಂಗಳಿಗೆ ಮತ್ತೆ ಶುರುವಾದಾಗ ‘ಆ ಡಾಕ್ಟರ ಔಷಧಿ ನಾಟಲಿಲ್ಲ’ ಅಂತ ಇನ್ನೊಬ್ಬರ ಹತ್ತಿರ ಹೋಗ್ತಾರೆ.

ಅಲ್ಬೆಂಡಜೋಲ್ ಬಿಟ್ಟರೆ ಮೆಬೆಂಡಜೋಲ್ ಇದೆ, 100 ಮಿಲಿಗ್ರಾಂ ಒಂದು ಸಲ, ಎರಡು ವಾರಕ್ಕೆ ಇನ್ನೊಂದು ಸಲ. ಪೈರಾಂಟೆಲ್ ಪಾಮೊಯೇಟ್ ಅನ್ನೋ ಸಿರಪ್ಪು ಇದೆ. ಅದು ಹುಳುವಿಗೆ ಲಕ್ವ ಹೊಡೆಸಿ ಹೊರಗೆ ತಳ್ಳುತ್ತೆ, ಅದರ ಪ್ರಮಾಣ ಮಗುವಿನ ತೂಕದ ಮೇಲೆ. ಮೂರಕ್ಕೂ ಎರಡು ವಾರದ ನಿಯಮ ಒಂದೇ. ಎರಡು ವರ್ಷದೊಳಗಿನ ಮಗುವಿಗೆ ವೈದ್ಯರನ್ನ ಕೇಳದೆ ಕೊಡಬೇಡಿ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ, ಅದರಲ್ಲೂ ಮೊದಲ ಮೂರು ತಿಂಗಳು, ಎಲ್ಲರ ಜೊತೆ ಅವರೂ ನುಂಗೋದು ಬೇಡ. ಚಿಕ್ಕವರಿಗೆ ಮಾತ್ರೆ ಪುಡಿ ಮಾಡಿ ಕೊಡಿ, ಇಡೀ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳೋ ಅಪಾಯ ಹುಳುವಿಗಿಂತ ದೊಡ್ಡದು. ಒಂದಿಷ್ಟು ಹೊಟ್ಟೆನೋವು, ವಾಕರಿಕೆ ಬರಬಹುದು, ಹೋಗುತ್ತೆ. ಬೆಲೆ? ಅಮೆರಿಕದಲ್ಲಿ ಮೆಬೆಂಡಜೋಲಿನ ಒಂದು ಮಾತ್ರೆಗೆ ನೂರಾರು ಡಾಲರ್ ಇಟ್ಟಿದ್ದಾರೆ. ನಮ್ಮಲ್ಲಿ ಅಲ್ಬೆಂಡಜೋಲ್ ಮಾತ್ರೆ ಬೈಟು ಕಾಫಿಗಿಂತ ಅಗ್ಗ.

ಈಗ ಮನೆಯಲ್ಲಿ ಜಗಳ ಹುಟ್ಟಿಸೋ ಭಾಗ. ಮಾತ್ರೆ ಮಗುವಿಗೆ ಮಾತ್ರ ಅಲ್ಲ, ಮನೆಯ ಎಲ್ಲರಿಗೂ, ಒಂದೇ ದಿನ. ತುರಿಕೆ ಇಲ್ಲದವರಿಗೂ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರಲ್ಲ, ಆದರೆ ಮೊಟ್ಟೆ ಹಂಚುತ್ತಾ ಇರ್ತಾರೆ. ನಾನು ಇದನ್ನ ಪುಸ್ತಕದಿಂದ ಹೇಳ್ತಿಲ್ಲ. ಎರಡು ವರ್ಷದ ಹಿಂದೆ ನನ್ನ ಮಗನಿಗೆ ಇದೇ ಆಗಿತ್ತು. ಅವನಿಗೆ ಎರಡೂ ಡೋಸ್ ಸರಿಯಾಗಿ ಕೊಟ್ಟೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಟ್ಟೆ. ಎರಡು ತಿಂಗಳಿಗೆ ಮತ್ತೆ ಬಂತು. ಯಾಕೆ ಅಂದ್ರೆ ಅವನು ಮಲಗೋದು ತಾತನ ಪಕ್ಕ. ‘ನಿಮಗೂ ಹುಳದ ಮಾತ್ರೆ’ ಅಂತ ಮಾವನವರಿಗೆ ಹೇಳೋಕೆ ನನಗೆ ಬಾಯಿ ಬಂದಿರಲಿಲ್ಲ. ದಿನಾ ರಾತ್ರಿ ಮಂತ್ರಿಗಳಿಗೆ ‘ಉತ್ತರ ಕೊಡಿ’ ಅಂತ ಕೂಗೋ ಹೆಂಗಸು ನಾನು, ಮನೆಯಲ್ಲಿ ಒಂದು ಮಾತ್ರೆ ಕೊಡೋಕೆ ಅಂಜಿಕೊಂಡೆ. ಕೊನೆಗೆ ನನ್ನ ಗಂಡನ ಕೈಲಿ ಹೇಳಿಸಿದೆ. ಮಾವನವರು ಪೇಪರಿನಿಂದ ತಲೆ ಎತ್ತದೆ, ‘ಕೊಡಪ್ಪ, ಇದಕ್ಕೇನು ಇಷ್ಟು ಪೀಠಿಕೆ’ ಅಂದರು. ಅಷ್ಟೇ.

ಶುಚಿ ವಿಷಯದಲ್ಲಿ ಜನ ಎರಡು ಅತಿ ಮಾಡ್ತಾರೆ. ಕೆಲವರು ಮಾತ್ರೆ ಕೊಟ್ಟು ಸುಮ್ಮನಾಗ್ತಾರೆ, ಕೆಲವರು ಗೋಡೆಗೆಲ್ಲ ಫಿನಾಯಿಲ್ ಹೊಡೀತಾರೆ. ಬೇಕಾದದ್ದು ಸ್ವಲ್ಪವೇ, ಆದರೆ ಹೊತ್ತು ನೋಡಿ ಮಾಡಬೇಕು. ಸ್ನಾನ ಬೆಳಗ್ಗೆ, ಎದ್ದ ತಕ್ಷಣ. ಸಂಜೆ ಸ್ನಾನ ಮಾಡಿಸೋ ಮನೆಗಳಲ್ಲಿ ರಾತ್ರಿಯ ಮೊಟ್ಟೆ ಇಡೀ ದಿನ ಮಗುವಿನ ಜೊತೆ ಶಾಲೆಗೆ ಹೋಗಿ ಬರುತ್ತೆ. ಟಬ್ಬಿನಲ್ಲಿ ಕೂರಿಸೋದು ಬೇಡ, ತಂಬಿಗೆಯಲ್ಲಿ ನೀರು ಹಾಕಿ ತೊಳೀರಿ. ಚಡ್ಡಿ ಬೆಳಗ್ಗೆ ಬದಲಾಯಿಸಿ, ರಾತ್ರಿ ಬಿಗಿಯಾದ ಚಡ್ಡಿ ಹಾಕಿ ಮಲಗಿಸಿ, ಕೆರೆದರೂ ಬೆರಳು ನೇರವಾಗಿ ತಾಗಬಾರದು. ಉಗುರು ಬುಡಕ್ಕೆ ಕತ್ತರಿಸಿ, ಕಚ್ಚೋ ಅಭ್ಯಾಸ ಇದ್ದರೆ ಬಿಡಿಸಿ. ಹಾಸಿಗೆ ಬಟ್ಟೆಯನ್ನ ಮಾತ್ರೆ ಕೊಟ್ಟ ಮಾರನೇ ಬೆಳಗ್ಗೆ ತೆಗೆದು ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ತೆಗೆಯೋವಾಗ ಕೊಡವಬೇಡಿ! ನಮ್ಮವರಿಗೆ ಬೆಡ್‌ಶೀಟ್ ಅಂದ್ರೆ ಬಾಲ್ಕನಿಯಲ್ಲಿ ಫಟ್ ಅಂತ ಕೊಡವಿದರೇನೇ ಸಮಾಧಾನ. ಒಂದು ಮಿಲಿಮೀಟರ್ ಜಾಗದಲ್ಲಿ ಹದಿನೆಂಟು ಮೊಟ್ಟೆ ಸಾಲಾಗಿ ಮಲಗಬಹುದು, ಅಷ್ಟು ಚಿಕ್ಕದು. ಕೊಡವಿದರೆ ಗಾಳಿಗೆ ಏರಿ ಮೇಜು, ಟಿವಿ ರಿಮೋಟ್, ನೀರಿನ ಲೋಟದ ಮೇಲೆ ಕೂರುತ್ತೆ. ಮೆಲ್ಲಗೆ ಒಳಮುಖವಾಗಿ ಸುತ್ತಿ ತಗೊಂಡು ಹೋಗಿ. ಕಿಟಕಿ ಪರದೆ ಸರಿಸಿ ಮಲಗೋ ಕೋಣೆಗೆ ಬಿಸಿಲು ಬಿಡಿ, ಮೊಟ್ಟೆಗೆ ಬಿಸಿಲು ಆಗಿಬರಲ್ಲ. ಕೈಗೆ ಸೋಪು ನೀರು. ಕೋವಿಡ್ ಆದಮೇಲೆ ಎಲ್ಲರ ಬ್ಯಾಗಿನಲ್ಲೂ ಸ್ಯಾನಿಟೈಸರ್ ಇದೆ, ಅದನ್ನ ಇಲ್ಲಿ ನೆಚ್ಚಿಕೊಳ್ಳಬೇಡಿ. ಮೊಟ್ಟೆಯನ್ನ ಸಾಯಿಸೋದಕ್ಕಿಂತ ತೊಳೆದು ಸಾಗಹಾಕೋದೇ ಇಲ್ಲಿನ ಉಪಾಯ.

ಹೆಣ್ಣು ಮಕ್ಕಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಟಿವಿಯಲ್ಲಿ ಇದನ್ನ ಹೇಳೋಕೆ ನನಗೆ ಸಮಯ ಸಿಗಲಿಲ್ಲ. ಹುಳು ಕೆಲವೊಮ್ಮೆ ದಾರಿ ತಪ್ಪಿ ಮುಂದಕ್ಕೆ ಹೋಗುತ್ತೆ. ಅಲ್ಲಿ ಕೆಂಪಾಗೋದು, ಉರಿ, ಬಿಳಿ ಸ್ರಾವ, ಮೂತ್ರ ಮಾಡುವಾಗ ನೋವು, ಹಾಸಿಗೆ ಒದ್ದೆ ಮಾಡೋದು. ಅಮ್ಮಂದಿರು ಇದನ್ನ ನೋಡಿ ಒಂದೋ ಬೈತಾರೆ, ಇಲ್ಲಾ ಹೆದರಿಕೊಂಡು ಏನೇನೋ ಊಹಿಸಿ ಯಾರಿಗೂ ಹೇಳದೆ ಒಳಗೊಳಗೇ ಒದ್ದಾಡ್ತಾರೆ. ಎರಡೂ ಬೇಡ. ಮಗುವನ್ನ ವೈದ್ಯರ ಹತ್ತಿರ ಕರ್ಕೊಂಡು ಹೋಗಿ. ಹುಳುವಾದರೆ ಮಾತ್ರೆಗೆ ಹೋಗುತ್ತೆ. ಬೇರೆ ಏನಾದ್ರೂ ಇದ್ದರೆ ಅದನ್ನೂ ಅವರೇ ಕಂಡುಹಿಡೀಬೇಕು, ಊಹೆಯಿಂದ ಆಗೋ ಕೆಲಸ ಅಲ್ಲ. ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯೋದು, ಬಿಡದ ಹೊಟ್ಟೆನೋವು ಇದ್ದರೂ ಅಷ್ಟೇ, ಅದನ್ನ ಈ ಹುಳುವಿನ ಲೆಕ್ಕಕ್ಕೆ ಬರೆದು ಮನೆಯಲ್ಲಿ ಕೂರಬೇಡಿ. ಎರಡು ಡೋಸ್ ಆಗಿ, ಮನೆಯವರೆಲ್ಲ ತಗೊಂಡು, ಮತ್ತೂ ಬರ್ತಿದ್ದರೆ ಎರಡೆರಡು ವಾರಕ್ಕೆ ಇನ್ನೂ ಕೆಲವು ಸುತ್ತು ಕೊಡೋದುಂಟು. ಅದನ್ನ ವೈದ್ಯರು ಹೇಳಬೇಕು, ನಾನಾಗಲಿ ಮೆಡಿಕಲ್ ಶಾಪಿನ ಹುಡುಗನಾಗಲಿ ಅಲ್ಲ.

ಹರಳೆಣ್ಣೆ ಕುಡಿಸಬಹುದಾ ಅಂತ ಬಹಳ ಜನ ಕೇಳಿದ್ದಾರೆ. ಹರಳೆಣ್ಣೆಗೆ ಭೇದಿ ಆಗುತ್ತೆ. ಭೇದಿಯಲ್ಲಿ ನಾಲ್ಕು ಹುಳು ಬಿದ್ದದ್ದು ಕಾಣುತ್ತೆ, ಮನೆಯವರಿಗೆ ತೃಪ್ತಿ. ಉಗುರಿನ ಮೊಟ್ಟೆ ಉಗುರಲ್ಲೇ ಇರುತ್ತೆ.

ಆ ತಾಯಿ ನಿನ್ನೆ ಮತ್ತೆ ಫೋನ್ ಮಾಡಿದ್ದರು. ಐದು ಜನ ಮನೆಯವರೂ ಒಂದೇ ರಾತ್ರಿ ಮಾತ್ರೆ ತಗೊಂಡಿದ್ದಾರೆ, ಅಜ್ಜಿಯೂ ಸೇರಿ. ಟೀಚರ್ ಕಳಿಸಿದ ಡೈರಿಯ ಅದೇ ಪುಟದ ಕೆಳಗೆ ಅವರು ಉತ್ತರ ಬರೆದಿದ್ದಾರಂತೆ: ‘ಮಗುವಿಗೆ ಹುಳುವಿನ ತೊಂದರೆ ಇದೆ, ಔಷಧಿ ನಡೀತಿದೆ, ದಯವಿಟ್ಟು ಬೈಯಬೇಡಿ, ಕೈ ತೊಳೆಯೋಕೆ ಕಳಿಸಿ.’ ಮಗಳು ನಾಲ್ಕು ರಾತ್ರಿಯಿಂದ ಎದ್ದಿಲ್ಲ. ಎರಡನೇ ಮಾತ್ರೆ ಹದಿನಾಲ್ಕನೇ ದಿನ, ಬರೋ ವಾರದ ಭಾನುವಾರ ಬೀಳುತ್ತೆ. ಆವತ್ತು ಬೆಳಗ್ಗೆ ನೆನಪಿಸಿ ಅಂತ ನನ್ನನ್ನೇ ಕೇಳಿದರು. ಫೋನಿನಲ್ಲಿ ಅಲಾರಂ ಇಟ್ಟಿದ್ದೀನಿ.